ಬೆಳೆಯೋ ಹುಡುಗಿಗೆ ಎಷ್ಟು ಇಂಚಿನ ಗ್ಲೌಸ್?

ಬ್ಯಾಡಗಿಯ ಅಕ್ಕನ ಮನೆಯಲ್ಲಿ ಪಾರ್ಸಲ್ ಬಿಚ್ಚಿದ ಕೂಡಲೇ ಭಾವ ಕೇಳಿದ ಮೊದಲ ಪ್ರಶ್ನೆ: "ಏನಪಾ ಇದು, ಒಂದ ಐತಲ್ಲ? ಇನ್ನೊಂದು ಕೈದು ಎಲ್ಲಿ?"

ಅವರ ತಪ್ಪೇನಿಲ್ಲ ಬಿಡಿ. ನಮ್ಮ ಕಡೆ ಗ್ಲೌಸ್ ಅಂದ್ರೆ ಕ್ರಿಕೆಟ್‌ದು, ಅದು ಜೋಡಿಯಾಗಿಯೇ ಬರುತ್ತೆ. ಇದು ಸಾಫ್ಟ್‌ಬಾಲ್ ಗ್ಲೌಸ್. ಒಂದೇ ಕೈಗೆ. ಇನ್ನೊಂದು ಕೈ ಚೆಂಡು ಎಸೆಯೋಕೆ ಖಾಲಿ ಇರಬೇಕು.

ಅಕ್ಕನ ಮಗಳು ಎಂಟನೇ ಕ್ಲಾಸು. ದಿನಾ ಬಸ್ಸಿನಲ್ಲಿ ರಾಣೆಬೆನ್ನೂರಿನ ಶಾಲೆಗೆ ಹೋಗಿ ಬರ್ತಾಳೆ. ಅಲ್ಲಿಯ ಪಿ.ಟಿ. ಸರ್ ಹುಡುಗಿಯರಿಗೆ ಸಾಫ್ಟ್‌ಬಾಲ್ ಶುರು ಮಾಡಿಸಿ, ಇವಳನ್ನು ಸೆಕೆಂಡ್ ಬೇಸ್ ಹತ್ತಿರ ನಿಲ್ಲಿಸಿದ್ದರು. ಶಾಲೆಯಲ್ಲಿದ್ದ ನಾಲ್ಕೈದು ಹಳೇ ಗ್ಲೌಸು ಎಲ್ಲರ ಕೈಗೂ ಸಾಲುತ್ತಿರಲಿಲ್ಲ. ಬೆಂಗಳೂರಿನಲ್ಲಿ ನೌಕರಿ ಮಾಡೋ ಮಾಮಾ ಒಬ್ಬ ಇದ್ದಾನಲ್ಲ, ಅವನಿಗೆ ಫೋನ್ ಬಂತು.

ನಾನು ಆರಿಸಿದ್ದು 13 ಇಂಚಿನದು. ಬೆಲೆ ₹1,400. ಲೆಕ್ಕಾಚಾರ ಸರಳ: ಹೆಂಗೂ ಬೆಳೀತಾಳೆ. ನಮ್ಮ ಮನೆಗಳಲ್ಲಿ ಯೂನಿಫಾರ್ಮು, ಬೂಟು, ರೇನ್‌ಕೋಟು ಎಲ್ಲವನ್ನೂ ಒಂದು ಅಳತೆ ದೊಡ್ಡದೇ ತರೋದು. ಮುಂದಿನ ವರ್ಷಕ್ಕೂ ಆಗುತ್ತೆ ಅಂತ.

ಎರಡು ತಿಂಗಳ ನಂತರ ಹಾವೇರಿಗೆ, ಅವ್ವನ ಮನೆಗೆ ಹೋಗಿದ್ದೆ. ಭಾನುವಾರ ಅಕ್ಕ ಮಗಳನ್ನು ಕರಕೊಂಡು ಬಂದಿದ್ದಳು. "ಬಾರೇ, ಹಿತ್ತಲದಾಗ ಕ್ಯಾಚ್ ಆಡೂಣು" ಅಂದೆ. ಮೆಲ್ಲಗೇ ಎಸೆದೆ. ಚೆಂಡು ಹತ್ತಿರ ಬರುತ್ತಿದ್ದಂಗೆ ಹುಡುಗಿ ಮುಖ ಪಕ್ಕಕ್ಕೆ ತಿರುಗಿಸಿ ಕಣ್ಣು ಮುಚ್ಚಿದಳು. ಎರಡನೇ ಸಲವೂ ಅದೇ. ಆಗ ಗೊತ್ತಾಯಿತು, ಹಿಂದಿನ ವಾರ ಚೆಂಡು ಗ್ಲೌಸಿನಿಂದ ಜಾರಿ ಬಾಯಿಗೆ ಬಡಿದು ತುಟಿ ಬಾತಿತ್ತಂತೆ. ಮನೆಯಲ್ಲಿ ಬಾಗಿಲು ಬಡೀತು ಅಂತ ಸುಳ್ಳು ಹೇಳಿದ್ದಳು.

"ನನಗ ಬರಂಗಿಲ್ಲ ಮಾಮಾ. ಸರ್‌ಗೆ ಹೇಳಿ ಬಿಟ್ಟುಬಿಡ್ತೀನಿ."

ಗ್ಲೌಸ್ ಹಾಕಿಸಿ, ಕೈ ಕೆಳಗೆ ಮಾಡಿ ಒಮ್ಮೆ ಕೊಡವು ಅಂದೆ. ಪಟ್ಟಂತ ಕಳಚಿ ನೆಲಕ್ಕೆ ಬಿತ್ತು. ನೋಡುತ್ತಾ ನಿಂತಿದ್ದ ಅಕ್ಕ ಹೇಳಿದ್ದು ಇಷ್ಟೇ: "ಬಳಿ ತರೂವಾಗ ಕೈ ನೋಡಿ ತರ್ತೀವಿ. ಬೆಳೀತಾಳ ಅಂತ ಯಾರರ ದೊಡ್ಡ ಬಳಿ ತರ್ತಾರೇನು? ಇದಕ್ಯಾಕ ನೋಡಲಿಲ್ಲ ನೀನು?"

ಉತ್ತರ ಇರಲಿಲ್ಲ. ಹುಡುಗಿಗೆ ಆಟ ಬರುತ್ತಿರಲಿಲ್ಲ ಅಂತಲ್ಲ. ನಾನು ತಂದ ಗ್ಲೌಸು ಅವಳಿಗೆ ಚೆಂಡಿನ ಭಯ ಕಲಿಸಿತ್ತು.

ಹೆಸರಿಗಷ್ಟೇ ಸಾಫ್ಟು

1887ರಲ್ಲಿ ಶಿಕಾಗೋದ ಒಂದು ಸಭಾಂಗಣದೊಳಗೆ ಈ ಆಟ ಹುಟ್ಟಿದಾಗ ಬಾಕ್ಸಿಂಗ್ ಗ್ಲೌಸನ್ನೇ ದಾರದಿಂದ ಬಿಗಿದು ಚೆಂಡು ಮಾಡಿಕೊಂಡಿದ್ದರಂತೆ. ಈಗಿನ ಚೆಂಡು ಹಾಗಿಲ್ಲ. ಸುತ್ತಳತೆ 12 ಇಂಚು, ತೂಕ 180 ಗ್ರಾಂ ಆಸುಪಾಸು. ಕ್ರಿಕೆಟ್ ಚೆಂಡಿನ ಸುತ್ತಳತೆ ಸುಮಾರು 9 ಇಂಚು, ತೂಕ 160 ಗ್ರಾಂ ಆಸುಪಾಸು. ಅಂದ್ರೆ ಇದು ಅದಕ್ಕಿಂತ ದಪ್ಪ, ಭಾರ.

ಫಾಸ್ಟ್‌ಪಿಚ್ ಆಟದಲ್ಲಿ ಪಿಚರ್ ಕೈಯನ್ನು ಗಾಳಿಯಂತ್ರದ ರೆಕ್ಕೆ ಹಾಗೆ ಸುತ್ತಿಸಿ ಕೆಳಗಿನಿಂದ ಎಸೆಯುತ್ತಾಳೆ. ಮಹಿಳೆಯರ ಆಟದಲ್ಲಿ ಅವಳಿಗೂ ಬ್ಯಾಟರ್‌ಗೂ ನಡುವೆ 43 ಅಡಿ ಮಾತ್ರ. ಕ್ರಿಕೆಟ್ ಪಿಚ್ 66 ಅಡಿ. ಗಂಟೆಗೆ 100 ಕಿ.ಮೀ. ವೇಗದ ಎಸೆತ ಅರ್ಧ ಸೆಕೆಂಡಿನೊಳಗೆ ಮುಟ್ಟುತ್ತೆ. ಶಾಲಾ ಮಕ್ಕಳ ವೇಗ ಕಡಿಮೆ, ಆದ್ರೆ ಬ್ಯಾಟಿಗೆ ಬಡಿದು ವಾಪಸ್ ಬರೋ ಚೆಂಡಿಗೆ ಕರುಣೆ ಇರಲ್ಲ. ಆಟ ಸಣ್ಣದೇನಲ್ಲ: 1996ರಿಂದ 2008ರವರೆಗೆ ಒಲಿಂಪಿಕ್ಸ್‌ನಲ್ಲಿತ್ತು, ಟೋಕಿಯೋದಲ್ಲಿ ಮರಳಿತು, 2028ರ ಲಾಸ್ ಏಂಜಲೀಸ್‌ನಲ್ಲೂ ಇದೆ. ನಮ್ಮ ರಾಷ್ಟ್ರೀಯ ಶಾಲಾ ಕ್ರೀಡಾಕೂಟದ ಪಟ್ಟಿಯಲ್ಲೂ ಇದೆ.

ಚರ್ಮ ಹೌದು, ಆದ್ರೆ ಯಾವ ಪದರ?

ಮರುದಿನ ಆ ಗ್ಲೌಸನ್ನು ಹಾವೇರಿ ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವ ಹಿರಿಯರೊಬ್ಬರ ಹತ್ತಿರ ಒಯ್ದೆ. ಬೆರಳುಗಳ ನಡುವಿನ ಜಾಳಿಗೆಯ ಲಾಡಿ ಆಗಲೇ ಹರಿದಿತ್ತು. ಅವರು ಗ್ಲೌಸಿನ ಅಂಚನ್ನು ಉಗುರಿನಿಂದ ಕೆರೆದು ನೋಡಿ, "ತೊಗಲು ಹೌದ್ರೀ, ಆದ್ರ ಮ್ಯಾಲಿನ ಪದರ ಅಲ್ಲ. ಮ್ಯಾಲೆ ಬಣ್ಣ ಕುಂಡ್ರಿಸ್ಯಾರ" ಅಂದರು.

ಅವರು ಒಂದು ನಿಮಿಷದಲ್ಲಿ ಹೇಳಿದ್ದನ್ನು ನಾನು ಎರಡು ರಾತ್ರಿ ಓದಿ ಅರ್ಥ ಮಾಡಿಕೊಂಡೆ. ದಪ್ಪ ಚರ್ಮವನ್ನು ಪದರ ಪದರವಾಗಿ ಸೀಳುತ್ತಾರೆ. ಕೂದಲಿದ್ದ ಮೇಲ್ಪದರದ ಎಳೆಗಳು ಒತ್ತಾಗಿರುತ್ತವೆ, ಹೆಚ್ಚು ಗಟ್ಟಿ. ಅದನ್ನು ಉಜ್ಜದೆ ಬಳಸಿದರೆ ಫುಲ್ ಗ್ರೇನ್. ಕೆಳಗಿನ ಪದರ ಸ್ಪ್ಲಿಟ್. ಅದಕ್ಕೆ ಲೇಪ ಹಚ್ಚಿ, ಚರ್ಮದ ಗೆರೆಗಳನ್ನು ಅಚ್ಚೊತ್ತಿ ಮಾರುತ್ತಾರೆ. ಅದೂ ಚರ್ಮವೇ ಆದ್ದರಿಂದ 'ಜೆನ್ಯೂನ್ ಲೆದರ್' ಅಂತ ಬರೆದರೆ ಸುಳ್ಳಲ್ಲ. ಆದ್ರೆ ಆ ಎರಡು ಪದ ನಿಮಗೆ ಏನನ್ನೂ ಹೇಳುವುದಿಲ್ಲ.

ಗುರುತಿಸೋದು ಹೇಗೆ? ಮೈಯೆಲ್ಲ ಒಂದೇ ಸಮ ಅಚ್ಚು ಇದ್ದರೆ ಅನುಮಾನ ಪಡಿ. ಅಸಲಿ ಮೇಲ್ಪದರದಲ್ಲಿ ಸಣ್ಣ ರಂಧ್ರ, ಅಲ್ಲಲ್ಲಿ ಹಳೇ ಗಾಯದ ಗೆರೆ ಕಾಣುತ್ತೆ. ಮಡಚಿದಾಗ ನಿರಿಗೆ ಬಿದ್ದು ಬಿಟ್ಟರೆ ತಿರುಗಿ ಸರಿಹೋಗಬೇಕು. ಬಣ್ಣ ಬಿರುಕು ಬಿಡಬಾರದು. ಲಾಡಿಯೂ ಚರ್ಮದ್ದೇ ಇರಬೇಕು, ಎಳೆದರೆ ರಬ್ಬರಿನಂತೆ ಹಿಗ್ಗಬಾರದು.

ಇದನ್ನೆಲ್ಲ ರಿವ್ಯೂ ಓದಿಯೇ ಕಲಿಯಬೇಕಿಲ್ಲ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಜಿಐ ಸಿಕ್ಕಾಗ ಮಹಾರಾಷ್ಟ್ರದ ಜಿಲ್ಲೆಗಳ ಜೊತೆ ನಮ್ಮ ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹೆಸರೂ ಸೇರಿತ್ತು. ಚರ್ಮ ಬಲ್ಲ ಕೈಗಳು ನಮ್ಮ ಸುತ್ತಲೇ ಇವೆ. ಕೇಳಬೇಕು ಅಷ್ಟೇ.

ಇನ್ನೊಂದು ಮಾತು. ಅವ್ವ ಕೇಳಿದಳು: "ಯಾವುದರ ತೊಗಲೋ ಇದು?" ನಿಜ ಹೇಳಿದೆ. ಒಳ್ಳೆ ಗ್ಲೌಸುಗಳು ಹೆಚ್ಚಿನವು ದನದ ಚರ್ಮದವು. ಲೇಬಲ್ ಮೇಲೆ 'ಸ್ಟೀರ್‌ಹೈಡ್' ಇದ್ದರೆ ಎತ್ತಿನದು, ಭಾರ, ಹದಕ್ಕೆ ಬರಲು ಹೆಚ್ಚು ದಿನ. 'ಕಿಪ್' ಇದ್ದರೆ ಎಳೆಯ ದನದ್ದು, ಹಗುರ, ಬೇಗ ಬಗ್ಗುತ್ತೆ. ಬೇಡ ಅನ್ನುವ ಮನೆಗಳಿಗೆ ಸಿಂಥೆಟಿಕ್ ಇದೆ. ಬೇಗ ಸವೆಯುತ್ತೆ, ಆದ್ರೆ ಕಲಿಯೋಕೆ ಸಾಕು. ಕೊಳ್ಳುವ ಮೊದಲೇ ಮನೆಯಲ್ಲಿ ಮಾತಾಡಿ. ನಮ್ಮವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ದೇವರ ಕೋಣ್ಯಾಗ ಒಯ್ಯಬ್ಯಾಡ್ರಿ ಮತ್ತ" ಅಂದಳು. ಅಲ್ಲಿಗೆ ಮುಗಿಯಿತು.

ಅಂಗಡಿಯಲ್ಲಿ ನೋಡಬೇಕಾದ್ದು

ದಸರಾ ರಜೆಗೆ ಹುಡುಗಿ ಬೆಂಗಳೂರಿಗೆ ಬಂದಳು. ಈ ಸಲ ಅವಳನ್ನೇ ಅಂಗಡಿಗೆ ಕರೆದೊಯ್ದೆ. ನಾವು ನೋಡಿದ್ದು ಇವು.

ಯಾವ ಕೈ: ಬಲಗೈಯಲ್ಲಿ ಎಸೆಯುವವರಿಗೆ ಗ್ಲೌಸ್ ಎಡಗೈಗೆ. ಪೆಟ್ಟಿಗೆ ಮೇಲೆ 'ಆರ್‌ಎಚ್‌ಟಿ' ಅಂದ್ರೆ ಬಲಗೈಯಲ್ಲಿ ಎಸೆಯುವವರದ್ದು, ಬಲಗೈಗೆ ಹಾಕುವುದಲ್ಲ. ಆನ್‌ಲೈನ್‌ನಲ್ಲಿ ತುಂಬಾ ಜನ ಇಲ್ಲೇ ಎಡವುತ್ತಾರೆ.

ಅಳತೆ: ಗ್ಲೌಸಿನ ತೋರುಬೆರಳ ತುದಿಯಿಂದ ಒಳಮೈಗುಂಟ ಬುಡದವರೆಗೆ ಅಳೆಯುತ್ತಾರೆ. ಬೇಸ್‌ಗಳ ಹತ್ತಿರ ನಿಲ್ಲುವವರಿಗೆ 11.5ರಿಂದ 12.5 ಇಂಚು, ಚೆಂಡು ಬೇಗ ತೆಗೆದು ಎಸೆಯಬೇಕಲ್ಲ. ದೂರ, ಔಟ್‌ಫೀಲ್ಡಿನಲ್ಲಿ ಓಡಿ ಹಿಡಿಯುವವರಿಗೆ 12.5ರಿಂದ 13. ಕ್ಯಾಚರ್ ಮತ್ತು ಫಸ್ಟ್ ಬೇಸ್‌ನವರಿಗೆ ಬೆರಳಿಲ್ಲದ ಮಿಟ್ ಬೇರೆಯೇ ಇದೆ. ನಾನು ತಂದಿದ್ದು ಔಟ್‌ಫೀಲ್ಡಿನದು!

ಫಾಸ್ಟ್‌ಪಿಚ್ ಅಂತ ಬರೆದಿದೆಯಾ: ಬೇಸ್‌ಬಾಲ್ ಗ್ಲೌಸಿನ ಗುಂಡಿ 9 ಇಂಚಿನ ಚೆಂಡಿಗೆ ಮಾಡಿದ್ದು, ಈ ಚೆಂಡು ಅದರಲ್ಲಿ ಕೂರುವುದಿಲ್ಲ. ಫಾಸ್ಟ್‌ಪಿಚ್ ಗ್ಲೌಸಿನಲ್ಲಿ ಗುಂಡಿ ಆಳ, ಬೆರಳಿನ ಜಾಗ ಕಿರಿದು, ಮಣಿಕಟ್ಟಿನ ಪಟ್ಟಿ ಬಿಗಿ ಮಾಡೋಕೆ ಬರುತ್ತೆ. ಹುಡುಗಿಯರ ಕೈಗೆ ಅಂತಲೇ ಮಾಡಿದ್ದು. ವಿಲ್ಸನ್, ರಾಲಿಂಗ್ಸ್, ಮಿಜುನೋದಂಥ ಕಂಪನಿಗಳು ಇವನ್ನು ಬೇರೆಯಾಗಿಯೇ ಮಾಡುತ್ತವೆ. ನಮ್ಮ ಮೀರತ್, ಜಲಂಧರ್‌ನಲ್ಲೂ ಸಾಫ್ಟ್‌ಬಾಲ್ ಗ್ಲೌಸ್ ತಯಾರಾಗುತ್ತೆ.

ಕೊನೆಗೆ ಕೈ: ಹಾಕಿಕೊಂಡು ಕೊಡವಿದರೆ ಬೀಳಬಾರದು. ಹೆಬ್ಬೆರಳು, ಕಿರುಬೆರಳು ಒತ್ತಿದರೆ ಸ್ವಲ್ಪವಾದರೂ ಮುಚ್ಚಬೇಕು. ಪೂರ್ತಿ ಮುಚ್ಚದಿದ್ದರೆ ಚಿಂತೆಯಿಲ್ಲ, ಹೊಸದು ಬಿರುಸೇ ಇರುತ್ತೆ.

ಹುಡುಗಿ ಐದು ಗ್ಲೌಸ್ ಹಾಕಿ ತೆಗೆದಳು. ಆರನೆಯದು, 11.75 ಇಂಚಿನ ಕಿಪ್ ಚರ್ಮದ್ದು, ಹಾಕಿದ ಮೇಲೆ ತೆಗೆಯಲೇ ಇಲ್ಲ. ₹6,800. ಬಿಲ್ ನೋಡಿ ಅವಳೇ, "ಬ್ಯಾಡ ಮಾಮಾ, ಅಪ್ಪ ಬೈತಾರ" ಅಂದಳು. ಮೊದಲೇ ಕೈ ನೋಡಿದ್ದರೆ ₹1,400 ಉಳೀತಿತ್ತು ಅಂತ ನಾನು ಮನಸ್ಸಿನಲ್ಲೇ ನನಗೆ ಬೈದುಕೊಂಡೆ.

ಹದ ಮಾಡೋದು

ಭಾವನದು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಬೆಲೆ ಕೇಳಿ ಹುಬ್ಬು ಏರಿಸಿದರು. ಆಮೇಲೆ ಗ್ಲೌಸನ್ನು ಕೈಗೆ ತಗೊಂಡು, ಕಾಯಿ ನೋಡುವ ಹಾಗೆಯೇ ಬಗ್ಗಿಸಿ, ಮೂಸಿ, ಬೆರಳಿಂದ ತಿಕ್ಕಿ ನೋಡಿದರು. "ಬರೇ ಬಣ್ಣ ನೋಡಿ ಚೀಲ ತಗೊಂಡವ ಕೆಟ್ಟ. ಕೈಯಾಗ ಹಿಡದು ನೋಡಬೇಕು. ಇದು ಚೊಲೋ ಐತಿ ಬಿಡು" ಅಂದರು. ನನಗೆ ಅದಕ್ಕಿಂತ ದೊಡ್ಡ ರಿವ್ಯೂ ಬೇಕಿರಲಿಲ್ಲ.

ಹೊಸ ಗ್ಲೌಸ್ ಹದವಾಗೋದು ಆಡಿದಾಗಲೇ. ದಿನಾ ನೂರು ಸಲ ಚೆಂಡು ಹಿಡಿಯೋದು, ರಾತ್ರಿ ಗುಂಡಿಯೊಳಗೆ ಚೆಂಡಿಟ್ಟು ಬಟ್ಟೆಯಿಂದ ಕಟ್ಟಿಡೋದು. ಅಕ್ಕ ಕೊಬ್ಬರಿ ಎಣ್ಣೆ ಬಾಟಲಿ ತಂದಾಗ ತಡೆದೆ. ಎಣ್ಣೆ ಹೆಚ್ಚಾದರೆ ಚರ್ಮ ಭಾರವಾಗಿ ಜೋಲುತ್ತೆ. ಗ್ಲೌಸಿಗೆಂದೇ ಸಿಗುವ ಕಂಡಿಷನರ್ ಅಪರೂಪಕ್ಕೆ, ತೆಳ್ಳಗೆ ಒರೆಸಿದರೆ ಸಾಕು. ನೀರಲ್ಲಿ ನೆನೆಸೋದು, ಬಿಸಿಲಲ್ಲಿ ಕಾಯಿಸೋದು ಬೇಡ. ಮಳೆಯಲ್ಲಿ ನೆನೆದರೆ ಒರೆಸಿ, ನೆರಳಲ್ಲಿ ಆರಿಸಿ. ಒದ್ದೆಯದನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟರೆ ಬೂಷ್ಟು ಹಿಡಿಯುತ್ತೆ.

ಮೊದಲ ಹತ್ತು ದಿನ ನಾವು ಟೆನಿಸ್ ಚೆಂಡಿನಿಂದಲೇ ಆಡಿಸಿದೆವು. ಗ್ಲೌಸಿನ ಹದಕ್ಕಲ್ಲ, ಹುಡುಗಿಯ ಧೈರ್ಯಕ್ಕೆ. ಹನ್ನೊಂದನೇ ದಿನ ಅಕ್ಕ ಒಂದು ವಿಡಿಯೋ ಕಳಿಸಿದಳು. ರಾಣೆಬೆನ್ನೂರಿನ ಮೈದಾನ, ಪೂರ್ತಿ ಧೂಳು. ನೆಲಕ್ಕೆ ಬಡಿದು ಬಂದ ಚೆಂಡು ಹುಡುಗಿಯ ಗ್ಲೌಸಿಗೆ ಬಿತ್ತು. ಕಣ್ಣು ತೆರೆದೇ ಇತ್ತು. ಆ ನಾಲ್ಕು ಸೆಕೆಂಡಿನ ವಿಡಿಯೋ ನಾನು ಎಷ್ಟು ಸಲ ನೋಡಿದೆನೋ.

ತಾಲ್ಲೂಕು ಟೀಮಿಗೆ ಈ ವರ್ಷ ಆಯ್ಕೆಯಾಗಲಿಲ್ಲ. ಬೇಜಾರು ಮಾಡಿಕೊಂಡಳು, ಬಿಡ್ತೀನಿ ಅನ್ನಲಿಲ್ಲ. ಆ ಹಳೇ 13 ಇಂಚಿನ ಗ್ಲೌಸಿಗೆ ಹಾವೇರಿಯ ಹಿರಿಯರು ಹೊಸ ಚರ್ಮದ ಲಾಡಿ ಹಾಕಿಕೊಟ್ಟರು. ಈಗ ಅದನ್ನು ಹತ್ತನೇ ಕ್ಲಾಸಿನ ಎತ್ತರದ ಹುಡುಗಿಯೊಬ್ಬಳು ಔಟ್‌ಫೀಲ್ಡಿನಲ್ಲಿ ಹಾಕಿಕೊಳ್ಳುತ್ತಾಳೆ. ಅವಳ ಕೈಗೆ ಸರಿಯಾಗಿದೆಯಂತೆ.

ಮೊನ್ನೆ ಭಾವ ಫೋನಿನಲ್ಲಿ, "ಮುಂದಿನ ವರ್ಷ ಕೈ ಬೆಳದ್ರ ಏನ್ ಮಾಡೂದಪಾ?" ಅಂದರು.

"ಆವಾಗ ಕೈ ನೋಡಿ ತರೂಣು ಭಾವ."