ಕಾರು ಅವರದು, ಸಹಿ ಯಾರದು?

ಕೆನಡಾದ ವಿಂಡ್ಸರ್ ಊರಿನ ನದಿ ದಂಡೆಯಲ್ಲಿ ನಿಂತರೆ ಎದುರಿಗೆ ಅಮೆರಿಕದ ಡೆಟ್ರಾಯಿಟ್ ನಗರದ ಕಟ್ಟಡಗಳು ಕಾಣುತ್ತವೆ. ನಡುವಿನ ನದಿ ಒಂದು ಕಿಲೋಮೀಟರ್ ಅಗಲವೂ ಇಲ್ಲ. 1929ರಲ್ಲಿ ತೆರೆದ ಅಂಬಾಸಡರ್ ಸೇತುವೆಯಿದೆ, ಮರುವರ್ಷ ಶುರುವಾದ ಸುರಂಗ ಮಾರ್ಗವಿದೆ. ದಿನವಿಡೀ ಲಾರಿಗಳು ಆಚೀಚೆ ಓಡಾಡುತ್ತಲೇ ಇರುತ್ತವೆ. ಆದರೆ ಅಲ್ಲಿ ಎರಡು ವರ್ಷ ಓದಿದ ನಾನು ಒಮ್ಮೆಯೂ ಆಚೆ ದಡಕ್ಕೆ ಹೋಗಲಿಲ್ಲ. ನನ್ನ ಕೈಯಲ್ಲಿದ್ದದ್ದು ಕೆನಡಾದ ಸ್ಟಡಿ ಪರ್ಮಿಟ್. ಅಮೆರಿಕಕ್ಕೆ ಕಾಲಿಡಲು ಭಾರತೀಯನಾದ ನನಗೆ ಬೇರೆ ವೀಸಾ ಬೇಕಿತ್ತು. ಅದಕ್ಕೆ ಕಟ್ಟಬೇಕಾದ ದುಡ್ಡಿನಲ್ಲಿ ಎರಡು ವಾರದ ದಿನಸಿ ಬರುತ್ತಿತ್ತು.

ನಾನು ತಿಪಟೂರಿನ ಹತ್ತಿರದ ಹಳ್ಳಿಯವನು. ಅಪ್ಪ ತೆಂಗಿನ ತೋಟದ ಮೇಲೆ ಸಾಲ ತೆಗೆದು ನನ್ನನ್ನು ಎಂ.ಎಸ್. ಓದಲು ಕಳುಹಿಸಿದ್ದರು. ಆಗಿನ ನಿಯಮದ ಪ್ರಕಾರ ವಿದೇಶಿ ವಿದ್ಯಾರ್ಥಿಗಳು ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಹೊರಗೆ ಕೆಲಸ ಮಾಡಬಹುದಿತ್ತು. 2018ರಲ್ಲಿ ನನಗೊಂದು ಸಣ್ಣ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಅಮೆರಿಕದಲ್ಲಿ ಕಾರು ಕೊಂಡು ಕೆನಡಾಕ್ಕೆ ತರುವವರಿಗೆ ಕಾಗದಪತ್ರ ಮಾಡಿಕೊಡುವ ಆಫೀಸು ಅದು.

ಕಾರು ತರುವುದು ಕಾನೂನುಬಾಹಿರವೇನಲ್ಲ. ಆ ಮಾದರಿ ಕೆನಡಾದ ಸುರಕ್ಷತಾ ನಿಯಮಗಳಿಗೆ ಹೊಂದುತ್ತದೆಯೇ ಎಂದು ಸರ್ಕಾರದ ಪಟ್ಟಿಯಲ್ಲಿ ನೋಡಬೇಕು. ಅಮೆರಿಕ ಬಿಡುವ 72 ಗಂಟೆ ಮೊದಲು ಕಾರಿನ ಮಾಲೀಕತ್ವದ ದಾಖಲೆಯನ್ನು ಅಲ್ಲಿನ ಕಸ್ಟಮ್ಸ್‌ಗೆ ಒಪ್ಪಿಸಬೇಕು. ಉತ್ತರ ಅಮೆರಿಕದಲ್ಲಿ ತಯಾರಾಗದ ಕಾರಾದರೆ ಆಗ ಶೇ 6.1ರಷ್ಟು ಸುಂಕ, ಎ.ಸಿ. ಇದ್ದರೆ ಅದಕ್ಕೆ ಬೇರೆ 100 ಡಾಲರ್, ಮೇಲೆ ಶೇ 5ರ ಜಿಎಸ್‌ಟಿ, ನೋಂದಣಿ ಮಾಡಿಸುವಾಗ ಒಂಟಾರಿಯೊ ಪ್ರಾಂತ್ಯದ ಶೇ 8ರ ತೆರಿಗೆ ಇತ್ತು. ಇಷ್ಟನ್ನು ಕಟ್ಟಿ, ತಪಾಸಣೆ ಮಾಡಿಸಿದರೆ ಕಾರು ನಿಮ್ಮದಾಗುತ್ತಿತ್ತು. 2007ರಲ್ಲಿ ಕೆನಡಾದ ಡಾಲರ್ ಮೂರು ದಶಕಗಳ ನಂತರ ಅಮೆರಿಕದ ಡಾಲರಿಗೆ ಸಮನಾದಾಗ ಜನ ಹೀಗೆ ಕಾರು ತರಲು ಮುಗಿಬಿದ್ದಿದ್ದರು.

ಒಂದು ದಿನ ಒಬ್ಬ ಬಿಲ್ಡರ್ ನಮ್ಮ ಆಫೀಸಿಗೆ ಬಂದರು. ಯುರೋಪಿನ ಒಂದು ಕಂಪನಿಯ ಸೀಮಿತ ಆವೃತ್ತಿಯ ಸ್ಪೋರ್ಟ್ಸ್ ಕಾರು ಅವರಿಗೆ ಬೇಕಿತ್ತು. ಜಗತ್ತಿಗೆಲ್ಲ ಸೇರಿ ಇಷ್ಟೇ ಎಂದು ಲೆಕ್ಕ ಹಾಕಿ ತಯಾರಿಸುವ ಕಾರು. ನಮ್ಮ ಕಡೆಯ ಡೀಲರ್‌ಗೆ ಆ ವರ್ಷ ಬರುವುದು ಒಂದೇ ಒಂದು, ಅದೂ ಹಳೇ ಗಿರಾಕಿಯೊಬ್ಬರಿಗೆ ಮೀಸಲು. ಆಚೆ ದಡದ ಮಿಷಿಗನ್, ಒಹಾಯೊ ರಾಜ್ಯಗಳ ಶೋರೂಮ್‌ಗಳಲ್ಲಿ ಕಾರುಗಳಿದ್ದವು. ಕಂಪನಿ ಹೇಳಿದ ಬೆಲೆಯ ಮೇಲೆ ಡೀಲರ್‌ಗಳು ತಮ್ಮದೊಂದಿಷ್ಟು ಸಾವಿರ ಡಾಲರ್ ಸೇರಿಸಿ ಕೂತಿದ್ದರು. ಬಿಲ್ಡರ್ ಅದಕ್ಕೂ ತಯಾರಿದ್ದರು.

ಫೋನ್ ಮಾಡುವ ಕೆಲಸ ನನ್ನದಾಯಿತು. 14 ಡೀಲರ್‌ಗಳ ಪಟ್ಟಿ ಹಿಡಿದು ಕೂತೆ. ಮೊದಲೆರಡು ನಿಮಿಷ ಎಲ್ಲರೂ ಚೆನ್ನಾಗಿಯೇ ಮಾತಾಡುತ್ತಿದ್ದರು. ‘ಡ್ರೈವಿಂಗ್ ಲೈಸೆನ್ಸ್ ಎಲ್ಲಿಯದು?’ ಎನ್ನುತ್ತಿದ್ದರು. ‘ಒಂಟಾರಿಯೊ’ ಎಂದ ಕೂಡಲೇ ‘ಕ್ಷಮಿಸಿ, ಆಗುವುದಿಲ್ಲ’ ಎಂದು ಫೋನ್ ಇಡುತ್ತಿದ್ದರು. ಆರನೆಯವನೂ ಹಾಗೇ ಮಾಡಿದಾಗ ನನಗೆ ಅಳುವೇ ಬಂತು. ನನ್ನ ತಿಪಟೂರಿನ ಇಂಗ್ಲಿಷ್ ಕೇಳಿ ಹೀಗೆ ಮಾಡುತ್ತಿದ್ದಾರೆ ಅಂದುಕೊಂಡೆ. ವಿಂಡ್ಸರ್‌ನಲ್ಲೇ ಹುಟ್ಟಿ ಬೆಳೆದ ಸಹೋದ್ಯೋಗಿಯ ಕೈಗೆ ಫೋನ್ ಕೊಟ್ಟೆ. ಆಕೆಗೂ ಅದೇ ಉತ್ತರ ಬಂತು!

ಕೊನೆಗೆ ಒಹಾಯೊದ ಹಿರಿಯ ಸೇಲ್ಸ್‌ಮನ್ ಒಬ್ಬರು ಕಾರಣ ಹೇಳಿದರು. ಕಂಪನಿ ಒಂದೊಂದು ದೇಶಕ್ಕೆ ಇಂತಿಷ್ಟು ಕಾರು ಎಂದು ಹಂಚಿರುತ್ತದೆ. ಇಲ್ಲಿ ಮಾರಿದ ಕಾರು ವರ್ಷದೊಳಗೆ ಗಡಿ ದಾಟಿದರೆ ಡೀಲರ್‌ಗೆ ಕೊಟ್ಟ ಪ್ರೋತ್ಸಾಹಧನವನ್ನು ವಾಪಸ್ ಕೇಳುತ್ತದೆ, ಮುಂದಿನ ವರ್ಷದ ಪಾಲನ್ನೂ ಕಡಿತ ಮಾಡುತ್ತದೆ. ಅಂದರೆ ಸರ್ಕಾರದ ಗಡಿ ತೆರೆದೇ ಇತ್ತು, ಮುಚ್ಚಿದ್ದು ಕಂಪನಿಯ ಗಡಿ.

ನಮ್ಮ ಮಾಲೀಕರ ಹತ್ತಿರ ಇದಕ್ಕೂ ಉಪಾಯವಿತ್ತು. ‘ನಿನ್ನ ಸ್ನೇಹಿತ ಮಿಷಿಗನ್‌ನಲ್ಲಿ ಇದ್ದಾನಲ್ಲ, ಅವನ ಹೆಸರಿನಲ್ಲಿ ಕೊಳ್ಳೋಣ. ಅವನಿಗೆ 2,000 ಡಾಲರ್, ನಿನಗೆ 1,000’ ಎಂದರು.

ಸಾವಿರ ಅಮೆರಿಕನ್ ಡಾಲರ್ ಎಂದರೆ ನನ್ನ ರೂಮಿನ ಮೂರು ತಿಂಗಳ ಬಾಡಿಗೆ. ಆ ತಿಂಗಳು ಫೀಸು ಕಟ್ಟುವುದು ಬಾಕಿಯಿತ್ತು. ಅಪ್ಪನಿಗೆ ಫೋನ್ ಮಾಡಿದರೆ ‘ಕೊಬ್ಬರಿ ರೇಟು ಇನ್ನೊಂದಿಷ್ಟು ಏರಲಿ ಮಗಾ, ಕಳಿಸ್ತೀನಿ’ ಎನ್ನುತ್ತಿದ್ದರು. ನಾನು ಒಳ್ಳೆಯವನು, ಅಂಥ ಆಸೆಗೆ ಬೀಳಲಿಲ್ಲ ಎಂದು ಇಲ್ಲಿ ಬರೆದರೆ ಸುಳ್ಳಾಗುತ್ತದೆ. ಆವತ್ತು ಸಂಜೆಯೇ ಗೆಳೆಯನಿಗೆ ಫೋನ್ ಮಾಡಿದೆ. ದಾವಣಗೆರೆಯ ಹಾಸ್ಟೆಲ್‌ನಲ್ಲಿ ನಾಲ್ಕು ವರ್ಷ ಒಂದೇ ರೂಮಿನಲ್ಲಿದ್ದವನು. ಎಚ್-1ಬಿ ವೀಸಾದಲ್ಲಿ ಇಂಜಿನಿಯರ್ ಆಗಿದ್ದ, ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಿ ಕಾಯುತ್ತಿದ್ದ. ಪೂರ್ತಿ ಕೇಳುವ ಮೊದಲೇ ‘ನಿನಗೋಸ್ಕರ ಅಲ್ವೇನೋ, ಮಾಡೋಣ ಬಿಡು. ಎಲ್ಲಿ ಸೈನ್ ಹಾಕ್ಬೇಕು ಹೇಳು ಸಾಕು’ ಎಂದ.

ಅವನು ಅಷ್ಟು ಸುಲಭವಾಗಿ ಒಪ್ಪಿದ್ದೇ ನನಗೆ ಭಯ ಹುಟ್ಟಿಸಿತು. ಮರುದಿನ ಆ ಒಪ್ಪಂದದ ಪ್ರತಿ ತರಿಸಿ ಓದಿದೆ. ‘ಈ ಕಾರನ್ನು ನನ್ನ ಸ್ವಂತ ಬಳಕೆಗೆ ಕೊಳ್ಳುತ್ತಿದ್ದೇನೆ, ಒಂದು ವರ್ಷ ದೇಶದ ಹೊರಗೆ ಕಳುಹಿಸುವುದಿಲ್ಲ’ ಎಂದು ಕೊಳ್ಳುವವನು ಬರೆದುಕೊಡಬೇಕು. ಮಾತು ತಪ್ಪಿದರೆ ಅವನೇ 25,000 ಡಾಲರ್ ಪರಿಹಾರ ಕಟ್ಟಬೇಕು. ಮಾಲೀಕರ ಮುಂದೆ ಕಾಗದ ಇಟ್ಟು, ‘ಹಾಗೇನಾದರೂ ಆದರೆ ಆ ಹಣ ನಾವು ಕೊಡುತ್ತೇವೆ ಎಂದು ನನ್ನ ಗೆಳೆಯನಿಗೆ ಬರೆದು ಕೊಡುತ್ತೀರಾ?’ ಎಂದು ಕೇಳಿದೆ. ಅವರು ನಕ್ಕರು. ‘ಅದನ್ನು ಬರೆದು ಕೊಡುವ ಹಾಗಿದ್ದರೆ ನಿನ್ನ ಗೆಳೆಯ ಯಾಕೆ ಬೇಕಿತ್ತು?’ ಎಂದರು.

ನನಗೆ ಬೇಕಾದ ಉತ್ತರ ಸಿಕ್ಕಿತ್ತು. ಗೆಳೆಯನಿಗೆ ಫೋನ್ ಮಾಡಿ ಬೇಡ ಎಂದೆ. ಮಾಲೀಕರು ಬೈಯಲಿಲ್ಲ, ಮುಂದಿನ ತಿಂಗಳಿಂದ ನನ್ನ ಕೆಲಸ ವಾರಕ್ಕೆ 8 ಗಂಟೆಗೆ ಇಳಿಯಿತು ಅಷ್ಟೇ. ನಾನು ಕಾಫಿ ಅಂಗಡಿಯೊಂದರ ರಾತ್ರಿ ಪಾಳಿಗೆ ಸೇರಿಕೊಂಡೆ. ಬಿಲ್ಡರ್ ಟೊರಾಂಟೊದ ಒಬ್ಬರಿಂದ ಅದೇ ಮಾದರಿಯ, ಒಂದು ವರ್ಷ ಓಡಿಸಿದ ಕಾರನ್ನು ಹೆಚ್ಚಿಗೆ ಕೊಟ್ಟು ಕೊಂಡರು. ಅವರಿಗೆ ಸ್ವಲ್ಪ ಹಣ ಹೋಯಿತು, ಬೇರೇನೂ ಆಗಲಿಲ್ಲ.

ಇಂಥ ಒಪ್ಪಂದಗಳೆಲ್ಲ ಬರೀ ಕಾಗದ ಎಂದುಕೊಳ್ಳಬೇಡಿ. ಫೋರ್ಡ್ ಜಿಟಿ ಎಂಬ ಕಾರಿನ ಕಥೆ ಕೇಳಿ. ಕಂಪನಿ ಡೆಟ್ರಾಯಿಟ್ ಪಕ್ಕದ ಡಿಯರ್‌ಬಾರ್ನ್‌ನದು, ಕಾರು ತಯಾರಾಗುತ್ತಿದ್ದುದು ಕೆನಡಾದ ಮಾರ್ಖಮ್‌ನಲ್ಲಿ. 2016ರಲ್ಲಿ ಮೊದಲ 500 ಕಾರುಗಳಿಗೆ ಅರ್ಜಿ ಕರೆದಾಗ 6,500ಕ್ಕೂ ಹೆಚ್ಚು ಜನ ಹಾಕಿದ್ದರು. ನಮ್ಮ ಸರ್ಕಾರಿ ನೌಕರಿಯ ಹಾಗೆ ಶ್ರೀಮಂತರೂ ಅರ್ಜಿ ಹಾಕಿ, ಆಯ್ಕೆಯಾದರೆ ಮಾತ್ರ ಕಾರು! ಎರಡು ವರ್ಷ ಮಾರುವುದಿಲ್ಲ ಎಂಬ ಷರತ್ತಿತ್ತು. ಕುಸ್ತಿಪಟು, ನಟ ಜಾನ್ ಸೀನಾ ಬೇಗನೆ ಮಾರಿಬಿಟ್ಟರು. 2017ರಲ್ಲಿ ಕಂಪನಿ ಕೋರ್ಟಿಗೆ ಹೋಯಿತು, ಮರುವರ್ಷ ರಾಜಿಯಾಯಿತು. ಸೀನಾ ಹಿಂದೆ ವಕೀಲರಿದ್ದರು. ಕೆಲಸದ ವೀಸಾ ನಂಬಿ ಕೂತ ನನ್ನ ಗೆಳೆಯನ ಹಿಂದೆ ಯಾರಿದ್ದರು?

ಇನ್ನೊಂದು ಉದಾಹರಣೆ. ಅಮೆರಿಕದ ಐಷಾರಾಮಿ ಕಾರುಗಳನ್ನು ಚೀನಾಕ್ಕೆ ಕಳುಹಿಸುವ ದಂಧೆ ಹತ್ತು ಹನ್ನೆರಡು ವರ್ಷಗಳ ಹಿಂದೆ ಜೋರಾಗಿತ್ತು. ಅಲ್ಲೂ ಜಾಹೀರಾತು ಕೊಟ್ಟು ಜನರನ್ನು ಹುಡುಕಿ, ಒಂದಿಷ್ಟು ಡಾಲರ್ ಕೈಗಿಟ್ಟು, ಅವರ ಹೆಸರಿನಲ್ಲಿ ಕಾರು ಕೊಳ್ಳಿಸುತ್ತಿದ್ದರು. ತನಿಖಾ ಸಂಸ್ಥೆಗಳು ಕಾರುಗಳನ್ನೂ ಬ್ಯಾಂಕ್ ಹಣವನ್ನೂ ಮುಟ್ಟುಗೋಲು ಹಾಕಿದವು. ಎಷ್ಟೋ ಪ್ರಕರಣಗಳು ಆಮೇಲೆ ಬಿದ್ದುಹೋದವು ನಿಜ. ಆದರೆ ನಿರಪರಾಧಿ ಎನಿಸಿಕೊಳ್ಳುವ ತನಕ ಕಾಯುವ ಶಕ್ತಿ ಸಂಬಳ ನಂಬಿದವನಿಗೆ ಇರುವುದಿಲ್ಲ.

ಹಾಗಾದರೆ ಕಂಪನಿಗಳ ಈ ನಿಯಮ ಸರಿಯೇ? ನನ್ನ ಮಟ್ಟಿಗೆ ಸರಿಯಲ್ಲ. ಕಡಿಮೆ ಸಂಖ್ಯೆಯ ಕಾರುಗಳನ್ನು ಎಲ್ಲ ದೇಶಗಳಿಗೂ ಹಂಚಬೇಕು, ಕೊಂಡು ಮರುದಿನವೇ ದುಪ್ಪಟ್ಟಿಗೆ ಮಾರುವವರನ್ನು ತಡೆಯಬೇಕು ಎಂಬ ಅವರ ವಾದದಲ್ಲಿ ಸ್ವಲ್ಪ ಹುರುಳಿದೆ. ಆದರೂ ತೆರಿಗೆ ಕಟ್ಟಿ, ಕಾನೂನು ಪಾಲಿಸಿ, ತನ್ನ ಹೆಸರಿನಲ್ಲೇ ಕೊಳ್ಳುತ್ತೇನೆ ಎಂದವನಿಗೆ ವಿಳಾಸ ನೋಡಿ ‘ನಿನಗಿಲ್ಲ’ ಎನ್ನುವುದು ಅನ್ಯಾಯ. ಯುರೋಪಿನಲ್ಲಿ ಇದನ್ನು ಎದುರಿಸಿದ್ದಾರೆ. ಜರ್ಮನಿ, ಆಸ್ಟ್ರಿಯಾದ ಗ್ರಾಹಕರಿಗೆ ಕಾರು ಮಾರದಂತೆ ಇಟಲಿಯ ಡೀಲರ್‌ಗಳನ್ನು ತಡೆದದ್ದಕ್ಕೆ ಯುರೋಪಿಯನ್ ಕಮಿಷನ್ 1998ರಲ್ಲಿ ಫೋಕ್ಸ್‌ವ್ಯಾಗನ್‌ಗೆ 10.2 ಕೋಟಿ ಎಕ್ಯು ದಂಡ ಹಾಕಿತು. ಎಕ್ಯು ಎಂದರೆ ಯೂರೋಗೆ ಮುಂಚಿನ ಲೆಕ್ಕದ ನಾಣ್ಯ. ಕೋರ್ಟು ಮುಂದೆ ದಂಡವನ್ನು 9 ಕೋಟಿಗೆ ಇಳಿಸಿತು, ತಪ್ಪು ತಪ್ಪೇ ಎಂದಿತು.

ಕೆಟ್ಟ ನಿಯಮವನ್ನು ಎದುರಿಸುವುದಕ್ಕೂ ಅದನ್ನು ಇನ್ನೊಬ್ಬನ ಹೆಗಲ ಮೇಲೆ ಕಾಲಿಟ್ಟು ಹಾರುವುದಕ್ಕೂ ವ್ಯತ್ಯಾಸವಿದೆ. ನಿಯಮ ತಪ್ಪು ಎನಿಸಿದರೆ ನಮ್ಮ ಹೆಸರಿನಲ್ಲೇ ದೂರು ಕೊಡೋಣ, ಕೋರ್ಟಿಗೆ ಹೋಗೋಣ. ಬಿಲ್ಡರ್‌ಗೆ ಅದೆಲ್ಲ ಸಾಧ್ಯವಿತ್ತು. ಆದರೆ ಅಗ್ಗದ ದಾರಿ ಎಂದರೆ ದುಡ್ಡಿಗೆ ಕಷ್ಟದಲ್ಲಿರುವ ಹುಡುಗನೊಬ್ಬನ ಸಹಿ. ಅವನಿಗೆ 2,000, ಅವನ ಮೇಲೆ ಬೀಳಬಹುದಾದದ್ದು 25,000 ಮತ್ತು ವೀಸಾದ ಚಿಂತೆ. ಈ ಲೆಕ್ಕವನ್ನು ಅವನಿಗೆ ಯಾರೂ ಬಿಡಿಸಿ ಹೇಳುವುದಿಲ್ಲ.

ಸ್ಪೋರ್ಟ್ಸ್ ಕಾರು ನಮಗ್ಯಾಕೆ ಎನ್ನುತ್ತೀರಾ? ನಾನು ಊರಿಗೆ ಮರಳಿ ಈಗ ತುಮಕೂರಿನಲ್ಲಿ ಕೆಲಸದಲ್ಲಿದ್ದೇನೆ. ಕಳೆದ ತಿಂಗಳು ಚಿಕ್ಕಪ್ಪನ ಮಗ ಫೋನ್ ಮಾಡಿದ. ಕೊನೆಯ ವರ್ಷದ ಬಿ.ಕಾಂ. ಓದುತ್ತಿದ್ದಾನೆ. ‘ಅಣ್ಣಾ, ನನ್ನ ಬ್ಯಾಂಕ್ ಅಕೌಂಟು, ಎಟಿಎಂ ಕಾರ್ಡು, ಸಿಮ್ಮು ಒಂದು ತಿಂಗಳಿಗೆ ಕೊಟ್ರೆ ಹತ್ತು ಸಾವಿರ ಕೊಡ್ತಾರಂತೆ. ನಮ್ಮ ಕ್ಲಾಸಿನ ಇಬ್ರು ಕೊಟ್ಟಿದಾರೆ. ಕೊಡ್ಲಾ?’ ಎಂದು ಕೇಳಿದ. ಸೈಬರ್ ವಂಚಕರು ಕದ್ದ ಹಣ ಸಾಗಿಸಲು ಹೀಗೆ ವಿದ್ಯಾರ್ಥಿಗಳ ಖಾತೆ ಬಾಡಿಗೆಗೆ ಪಡೆಯುವುದು ಈಗ ಎಲ್ಲ ಕಡೆ ನಡೆಯುತ್ತಿದೆ. ಪೊಲೀಸರು ಮೊದಲು ಬಂದು ನಿಲ್ಲುವುದು ಖಾತೆದಾರನ ಮನೆ ಬಾಗಿಲಿಗೆ.

ಅವನಿಗೆ ನಾನು ಬೈಯಲಿಲ್ಲ. ಹತ್ತು ಸಾವಿರದ ಆಸೆ ಏನೆಂದು ನನಗೆ ಗೊತ್ತು. ‘ಏನಾದ್ರೂ ಆದ್ರೆ ಜವಾಬ್ದಾರಿ ನಂದು ಅಂತ ಅವರ ಕೈಲಿ ಒಂದು ಚೀಟಿ ಬರೆಸ್ಕೊಂಡು ಬಾ, ಆಮೇಲೆ ಕೊಡು’ ಎಂದೆ. ಎರಡು ದಿನ ಬಿಟ್ಟು ಫೋನ್ ಮಾಡಿದ. ‘ಕೇಳ್ದೆ ಅಣ್ಣಾ. ನನ್ನ ನಂಬರ್ ಬ್ಲಾಕ್ ಮಾಡ್ಬಿಟ್ರು’ ಎಂದ.

ಗೆಳೆಯರೇ, ಕೆಲಸ ಹುಡುಕುವ ವಯಸ್ಸಿನಲ್ಲಿ ನಮ್ಮ ಹತ್ತಿರ ಆಸ್ತಿ ಇರುವುದಿಲ್ಲ, ಅನುಭವ ಇರುವುದಿಲ್ಲ. ಕಳಂಕವಿಲ್ಲದ ಒಂದು ಹೆಸರು ಇರುತ್ತದೆ. ಅದಕ್ಕೆ ಬೆಲೆ ಇದೆ ಎಂದು ನಮಗಿಂತ ಮೊದಲು ಬೇರೆಯವರಿಗೆ ಗೊತ್ತಾಗುತ್ತದೆ. ಯಾರಾದರೂ ನಿಮ್ಮ ಸಹಿ ಕೇಳಿಕೊಂಡು ಬಂದರೆ, ಮೊದಲು ಅವರ ಸಹಿ ಕೇಳಿ.