ಲಾರಿ ಆಯಿಲ್ ಡಬ್ಬಿಯ ಹಿಂಬದಿ ಕನ್ನಡದಲ್ಲಿರಲಿ

ಸಂಡೂರಿನಿಂದ ತೋರಣಗಲ್ಲಿಗೆ ಅದಿರು ಹೊಡೆಯುವ ಲಾರಿಗಳ ಎಂಜಿನ್ ಬಿಚ್ಚಿ ಜೋಡಿಸುವುದು ನನ್ನ ಕಸುಬು. ಹೊಸಪೇಟೆ ಹೊರವಲಯದ ನಮ್ಮ ಗ್ಯಾರೇಜಿಗೆ ಆಯಿಲ್ ಬದಲಿಸಲು ಬರುವ ಓನರ್‌ಗಳು ಮೊದಲು ಕೇಳುವುದು ಒಂದೇ ಮಾತು: "ಯಾವ ಕಂಪನೀದ್ ಹಾಕ್ಸೋಣ ಮೇಸ್ತ್ರಿ?" ಒಬ್ಬರಿಗೆ ಸರ್ವೊ ಬಿಟ್ಟರೆ ಬೇರೆ ಆಗದು, ಅವರ ತಂದೆಯ ಕಾಲದಿಂದ ಬಂಕಿನಲ್ಲಿ ಅದೇ ಸಿಗುತ್ತಿತ್ತು. ಇನ್ನೊಬ್ಬರಿಗೆ ಕ್ಯಾಸ್ಟ್ರಾಲ್ ಬೇಕು, ಮತ್ತೊಬ್ಬರಿಗೆ ಗಲ್ಫ್, ಶೆಲ್ ಅಥವಾ ಮ್ಯಾಕ್. ಇದರ ಮೇಲೆ ಚಹಾ ಅಂಗಡಿ ಮುಂದೆ ಜಗಳವೇ ಆಗುತ್ತದೆ.

ಮಾಲು ಅಸಲಿಯಾಗಿದ್ದು, ಗಾಡಿಗೆ ತಕ್ಕ ದರ್ಜೆಯದಾಗಿದ್ದು, ಹೊತ್ತಿಗೆ ಸರಿಯಾಗಿ ಬದಲಾದರೆ ಇವುಗಳಲ್ಲಿ ಯಾವುದನ್ನು ಹಾಕಿದರೂ ಎಂಜಿನ್ ಬಾಳುತ್ತದೆ. ನನ್ನ ಮುಂದೆ ಬಿಚ್ಚಿಕೊಂಡ ಎಂಜಿನ್‌ಗಳಲ್ಲಿ ಕಂಪನಿಯ ಹೆಸರಿನಿಂದ ಸತ್ತದ್ದನ್ನು ನಾನು ಕಂಡಿಲ್ಲ. ದರ್ಜೆ ತಪ್ಪಿ ಹಾಳಾದವು, ನಕಲಿ ಆಯಿಲ್‌ಗೆ ಬೇರಿಂಗ್ ತಿಂದವು, ಏರ್ ಫಿಲ್ಟರ್ ಹರಿದು ಕೆಂಪು ದೂಳು ಒಳಹೊಕ್ಕು ಲೈನರ್ ಸವೆದವು ಬೇಕಾದಷ್ಟಿವೆ.

ದರ್ಜೆ ಎಂದರೆ ಏನೆಂದು ಕೊಂಚ ವಿವರವಾಗಿಯೇ ಹೇಳಬೇಕು. ಡಬ್ಬಿಯ ಮೇಲೆ ಎಪಿಐ ಎಂದು ಬರೆದು ಪಕ್ಕದಲ್ಲಿ ಸಿಎಚ್-4, ಸಿಐ-4, ಸಿಕೆ-4 ಎಂದಿರುತ್ತದೆ. ಇದು ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಗೊತ್ತುಮಾಡಿದ ದರ್ಜೆ. ಸಿಎಚ್-4 ಬಂದದ್ದು 1998ರಲ್ಲಿ. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ ಒಳಕ್ಕೇ ತಿರುಗಿಸುವ ಇಜಿಆರ್ ಗಾಡಿಗಳು ಬಂದಾಗ ಆಯಿಲ್‌ಗೆ ಮಸಿಯ ಹೊರೆ ಹೆಚ್ಚಿತು. ಅದನ್ನು ತಾಳಿಕೊಳ್ಳಲೆಂದು 2002ರಲ್ಲಿ ಸಿಐ-4 ಬಂತು. ಸಿಕೆ-4 ಬಂದದ್ದು 2016ರ ಡಿಸೆಂಬರಿನಲ್ಲಿ. ನಮ್ಮಲ್ಲಿ ಈಗಲೂ ಹೆಚ್ಚು ಓಡುವುದು ಸಿಐ-4 ಡಬ್ಬಿಯೇ. ಹೊಗೆ ನಿಯಮದ ಹಳೆಯ ಹಂತವಾದ ಬಿಎಸ್-3ರ ಲಾರಿಗೆ ಅದು ಧಾರಾಳವಾಗಿ ಸಾಕು. ಅದಕ್ಕಿಂತ ದುಬಾರಿಯದನ್ನು ಹಾಕಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ತೊಂದರೆ ಇರುವುದು ಬಿಎಸ್-6 ಗಾಡಿಯಲ್ಲಿ. 2020ರ ಏಪ್ರಿಲ್ 1ರಿಂದ ಬಂದ ಲಾರಿಗಳ ಸೈಲೆನ್ಸರ್ ಜಾಗದಲ್ಲಿ ಡಿಪಿಎಫ್ ಎಂಬ ಫಿಲ್ಟರ್ ಕೂತಿದೆ. ಅದು ಹೊಗೆಯಲ್ಲಿನ ಮಸಿಯನ್ನು ಹಿಡಿದಿಟ್ಟುಕೊಂಡು, ಆಗಾಗ ಬಿಸಿಯೇರಿಸಿ ಸುಟ್ಟು ಕಳೆಯುತ್ತದೆ. ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಆ ಬೂದಿ ಹುಟ್ಟುವುದು ಎಂಜಿನ್ ಆಯಿಲ್‌ನಿಂದ. ಒಳಭಾಗ ತೊಳೆದಿಡಲು, ಸವೆತ ತಡೆಯಲು ಅದರಲ್ಲಿ ಬೆರೆಸಿದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತುವು ಉರಿದಾಗ ಉಳಿಯುವಂಥದ್ದು. ಸಿಕೆ-4 ದರ್ಜೆಯಲ್ಲಿ ಈ ಬೂದಿ ಶೇ 1 ಮೀರುವಂತಿಲ್ಲ. ಸಿಐ-4ಕ್ಕೆ ಅಂಥ ಮಿತಿ ಇಲ್ಲ. ನಾಲ್ಕು ಹಳೇ ಗಾಡಿ, ಎರಡು ಹೊಸ ಗಾಡಿ ಇರುವ ಓನರ್ ಶೆಡ್ಡಿನಲ್ಲಿ ಸಿಐ-4 ಬ್ಯಾರಲ್ ಒಂದನ್ನೇ ಇಟ್ಟು ಎಲ್ಲಕ್ಕೂ ಅದನ್ನೇ ಹುಯ್ಯುತ್ತಾರೆ. ಮೊದಮೊದಲು ಏನೂ ಗೊತ್ತಾಗುವುದಿಲ್ಲ. ಆಮೇಲೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಪದೇ ಪದೇ ಹತ್ತುತ್ತದೆ, ಲೋಡ್ ಹೊತ್ತು ಘಾಟಿ ಏರುವಾಗ ಗಾಡಿ ಎಳೆಯುವುದಿಲ್ಲ. ಡಿಪಿಎಫ್ ಬದಲಿಸುವ ಖರ್ಚು ಕೇಳಿದರೆ ಕಂತು ಕಟ್ಟುತ್ತಿರುವವರಿಗೆ ಎದೆ ಒಡೆಯುತ್ತದೆ.

ಇದಕ್ಕೆ ಪರಿಹಾರ ಸುಲಭ. ಸಿಕೆ-4 ಆಯಿಲ್ ಹಳೆಯ ಗಾಡಿಗೂ ಆಗುತ್ತದೆ. ಮುಂಚೆ ಡೀಸೆಲ್‌ನಲ್ಲಿ ಗಂಧಕ ಜಾಸ್ತಿ ಇತ್ತು, ಅದು ಉರಿದು ಹುಟ್ಟುವ ಆಮ್ಲವನ್ನು ಕೊಲ್ಲಲು ಖಡಕ್ ಆಯಿಲ್ ಬೇಕಿತ್ತು. ಈಗ ದೇಶದ ಎಲ್ಲ ಬಂಕಿನಲ್ಲೂ ಸಿಗುವುದು ಹತ್ತು ಲಕ್ಷಕ್ಕೆ 10 ಪಾಲಷ್ಟೇ ಗಂಧಕವಿರುವ ಡೀಸೆಲ್. ಬಿಎಸ್-3 ಕಾಲದಲ್ಲಿ ಅದು 350 ಇತ್ತು. ಹಳೇ ಹೊಸ ಗಾಡಿ ಎರಡೂ ಇದ್ದು ಒಂದೇ ಬ್ಯಾರಲ್ ಇಡುವವರು ಸಿಕೆ-4 ಇಡಲಿ. ಲೀಟರಿಗೆ ಹೆಚ್ಚು ಕೊಟ್ಟದ್ದು ಒಂದು ಡಿಪಿಎಫ್ ಉಳಿದರೆ ವಾಪಸು ಬಂದ ಹಾಗೆ.

ಗಾಡಿ ಕಂಪನಿ ಹೇಳಿದ್ದನ್ನೇ ಹಾಕಬೇಕೆ ಎಂದೂ ಕೇಳುತ್ತಾರೆ. ಅಶೋಕ್ ಲೇಲ್ಯಾಂಡ್ ಮತ್ತು ಗಲ್ಫ್ ಆಯಿಲ್ ಎರಡೂ ಹಿಂದೂಜಾ ಬಳಗದವು. ಟಾಟಾ ತನ್ನದೇ ಹೆಸರಿನಲ್ಲಿ ಆಯಿಲ್ ಮಾರುತ್ತದೆ. ಕಮಿನ್ಸ್ ಮತ್ತು ವ್ಯಾಲ್ವೊಲಿನ್ ಸೇರಿ ಇಲ್ಲೊಂದು ಜಂಟಿ ಕಂಪನಿಯನ್ನೇ ನಡೆಸುತ್ತವೆ. ಇವೆಲ್ಲ ಒಳ್ಳೆಯ ಆಯಿಲ್‌ಗಳೇ. ಆದರೆ ಗಾಡಿಯ ಪುಸ್ತಕದಲ್ಲಿ ಹೆಸರಿನ ಜೊತೆ ಒಂದು ಸಂಖ್ಯೆಯೂ ಇರುತ್ತದೆ: ಹೊಸ ಕಮಿನ್ಸ್ ಎಂಜಿನ್‌ಗೆ ಸಿಇಎಸ್ 20086, ವೋಲ್ವೊಗೆ ವಿಡಿಎಸ್-4.5, ಹೀಗೆ. ಆ ಸಂಖ್ಯೆ ಬೇರೆ ಕಂಪನಿಯ ಡಬ್ಬಿಯ ಮೇಲಿದ್ದರೆ ಅದೂ ಆದೀತು. ವಾರಂಟಿ ಇರುವವರೆಗೆ ಬಿಲ್ ಜೋಪಾನವಾಗಿಡಿ.

ಇನ್ನು ದಪ್ಪದ ಮಾತು. ನಮ್ಮ ಭಾಗದ ಬಿಸಿಲು ನೋಡಿ "ಆಯಿಲ್ ದಪ್ಪ ಇರ್ಲಿ" ಎನ್ನುವವರು ಬಹಳ. ಡಬ್ಬಿಯ ಮೇಲಿನ 15ಡಬ್ಲ್ಯೂ-40ರಲ್ಲಿನ 40 ಎಂಬ ದಪ್ಪವನ್ನು ಅಳೆಯುವುದೇ 100 ಡಿಗ್ರಿ ಶಾಖದಲ್ಲಿ. ರಾಯಚೂರಿನ ಮೇ ತಿಂಗಳು ಅದರ ಮುಂದೆ ಏನೂ ಅಲ್ಲ. ದಪ್ಪ ಆಯಿಲ್ ಹಾಕಿದರೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಟರ್ಬೊ ತನಕ ಹೋಗಲು ತಡವಾಗುತ್ತದೆ, ಆ ಹೊತ್ತಿನಲ್ಲೇ ಸವೆತ ಹೆಚ್ಚು. ಬದಲಿಸಿದ ಎರಡೇ ದಿನಕ್ಕೆ ಆಯಿಲ್ ಕಪ್ಪಾಯಿತೆಂದು ಕಂಪನಿಯನ್ನು ಬೈಯುವುದೂ ಸರಿಯಲ್ಲ. ಡೀಸೆಲ್ ಎಂಜಿನ್‌ನ ಮಸಿಯನ್ನು ಒಳಗೆ ಕೂರಲು ಬಿಡದೆ ತಾನು ಹೊತ್ತುಕೊಂಡಿದ್ದರಿಂದಲೇ ಅದು ಕಪ್ಪಾದದ್ದು.

ನಕಲಿ ಆಯಿಲ್ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ಖಾಲಿ ಡಬ್ಬಿ, ಬಕೆಟ್ ಗುಜರಿಗೆ ಹೋಗುತ್ತವೆ. ಅಲ್ಲಿಂದ ಕೊಂಡವರು ಹಳೇ ಆಯಿಲ್ ಸೋಸಿ, ಬಣ್ಣ ಕಟ್ಟಿ, ಹೊಸ ಮುಚ್ಚಳ ಹಾಕಿ ಮಾರುತ್ತಾರೆ. ಹೆಸರಾದ ಕಂಪನಿಯ ಡಬ್ಬಿಗೇ ಈ ಗತಿ, ಏಕೆಂದರೆ ಮಾರಾಟವಾಗುವುದು ಹೆಸರು. ನಮ್ಮ ಗ್ಯಾರೇಜಿನಲ್ಲಿ ಡಬ್ಬಿಯನ್ನು ಓನರ್ ಎದುರೇ ತೆರೆದು, ಖಾಲಿಯಾದ ಮೇಲೆ ಅಡ್ಡಲಾಗಿ ಕೊಯ್ದು ಹಾಕುತ್ತೇವೆ. ಇಳಿಸಿದ ಆಯಿಲ್ ಕೊಳ್ಳಲು ಬರುವವರಲ್ಲಿ ನೋಂದಣಿ ಕೇಳಿ. 2024ರ ಏಪ್ರಿಲ್ 1ರಿಂದ, ಬಳಸಿದ ಆಯಿಲ್‌ನ ಮರುಬಳಕೆಯ ಹೊಣೆಯನ್ನು ಕೇಂದ್ರದ ನಿಯಮ ಆಯಿಲ್ ಕಂಪನಿಗಳ ಮೇಲೇ ಹೊರಿಸಿದೆ.

ಕಂಪನಿಗಳಲ್ಲಿ ನನ್ನದು ಎರಡು ಬೇಡಿಕೆ. ಮೊದಲನೆಯದು ಭಾಷೆ. ಪೊಟ್ಟಣ ಸರಕುಗಳ 2011ರ ನಿಯಮದ ಪ್ರಕಾರ ವಿವರ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಸಾಕು. ಬೇರೆ ಭಾಷೆ ಸೇರಿಸಲು ಅಡ್ಡಿಯಿಲ್ಲ, ಕಡ್ಡಾಯವೂ ಇಲ್ಲ. ಕರ್ನಾಟಕದಲ್ಲೇ ತಯಾರಾದ ಸರಕಿನ ಮೇಲೆ ಕನ್ನಡವಿರಬೇಕೆಂದು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಹೇಳುತ್ತದೆ. ಹೊರರಾಜ್ಯದಲ್ಲಿ ತುಂಬಿಸಿ ಬಂದ ಡಬ್ಬಿಗೆ ಅದು ತಗಲುವುದಿಲ್ಲ. ಆದರೆ ನಮ್ಮಲ್ಲಿ ಆಯಿಲ್ ಹುಯ್ಯುವ ಹುಡುಗರು ಏಳನೆಯ, ಎಂಟನೆಯ ತರಗತಿಗೆ ಶಾಲೆ ಬಿಟ್ಟವರು. ಚುರುಕಾದ ಕೈ, ಓದಲು ಬರುವುದು ಕನ್ನಡ. "ಬಿಎಸ್-6 ಲಾರಿಗೆ ಆಗುತ್ತದೆ" ಅಥವಾ "ಬಿಎಸ್-6 ಲಾರಿಗೆ ಹಾಕಬೇಡಿ" ಎಂಬ ಒಂದು ಸಾಲನ್ನು ಅಂಗೈ ಅಗಲಕ್ಕೆ ಕನ್ನಡದಲ್ಲಿ ಅಚ್ಚು ಹಾಕಲು ಎಷ್ಟು ಶಾಯಿ ಬೇಕು?

ಎರಡನೆಯದು ಕೂಪನ್. ಎಷ್ಟೋ ಡಬ್ಬಿಗಳಲ್ಲಿ ಮೇಸ್ತ್ರಿಗಳಿಗೆಂದು ಕೂಪನ್ ಇರುತ್ತದೆ; ಗೀರಿದರೆ, ಸ್ಕ್ಯಾನ್ ಮಾಡಿದರೆ ದುಡ್ಡೋ ಉಡುಗೊರೆಯೋ ಸಿಗುತ್ತದೆ. ನಮ್ಮ ಕಸುಬಿನವರ ಸಂಪಾದನೆ ಕಡಿಮೆ, ಆ ದುಡ್ಡು ಬೇಕಾಗುತ್ತದೆ, ಒಪ್ಪುತ್ತೇನೆ. ಆದರೂ ಕೂಪನ್ ನೋಡಿ ಆಯಿಲ್ ಹೇಳುವ ಹಾಗಾದರೆ ಓನರ್ ನಮ್ಮನ್ನು ಕೇಳುವುದರಲ್ಲಿ ಅರ್ಥವಿಲ್ಲ. ಆ ಹಣಕ್ಕೆ ಬದಲು ಪ್ರತಿ ದೊಡ್ಡ ಬಕೆಟ್ ಜೊತೆ ಒಂದು ಸಣ್ಣ ಬಾಟಲಿ ಕೊಡಿ. ಇಳಿಸಿದ ಆಯಿಲ್ ಒಂದಿಷ್ಟು ತುಂಬಿಸಿ ಕಳಿಸುತ್ತೇವೆ, ನಿಮ್ಮ ಲ್ಯಾಬಿನಲ್ಲಿ ಪರೀಕ್ಷಿಸಿ ಮೊಬೈಲಿಗೆ ಫಲಿತಾಂಶ ಹಾಕಿ. ಕಬ್ಬಿಣ ಏರಿದ್ದರೆ ಲೈನರ್, ತಾಮ್ರ ಏರಿದ್ದರೆ ಬುಷ್ ಬೇರಿಂಗ್, ಡೀಸೆಲ್ ಬೆರೆತಿದ್ದರೆ ಇಂಜೆಕ್ಟರ್. ಸಿಲಿಕಾನ್ ಏರಿದ್ದರೆ ಏರ್ ಫಿಲ್ಟರ್ ದಾರಿಯಲ್ಲಿ ಎಲ್ಲೋ ದೂಳು ನುಗ್ಗುತ್ತಿದೆ. ಸಂಡೂರಿನ ರಸ್ತೆಯಲ್ಲಿ ಓಡುವ ಲಾರಿಗೆ ಈ ಕೊನೆಯದೊಂದು ಮುಂಚಿತವಾಗಿ ತಿಳಿದರೂ ಸಾಕು. ಒಂದು ಹೋಸ್ ಕ್ಲಿಪ್ ಬಿಗಿ ಮಾಡಿ ಇಡೀ ಎಂಜಿನ್ ಉಳಿಸಿಕೊಡುತ್ತೇವೆ.