ಮತ ಎಣಿಸಿದ ಮೇಲೆ

ಬೂಗನ್‌ವಿಲ್ ದ್ವೀಪದ ಜನಮತಗಣನೆಯ ಫಲಿತಾಂಶ 2019ರ ಡಿಸೆಂಬರ್ 11ರಂದು ಹೊರಬಿತ್ತು. ಪಪುವಾ ನ್ಯೂಗಿನಿಯೊಳಗೇ ಇರೋಣ, ಹೆಚ್ಚಿನ ಸ್ವಾಯತ್ತತೆ ಸಾಕು ಎಂದವರು 3,043 ಮಂದಿ. ಸ್ವತಂತ್ರ ದೇಶವೇ ಬೇಕು ಎಂದವರು 1,76,928. ಇಂಥ ಒಮ್ಮತ ಎಲ್ಲಿಯೂ ಸುಲಭಕ್ಕೆ ಸಿಗುವಂಥದ್ದಲ್ಲ. ಆದರೂ ಆ ದೇಶ ಇನ್ನೂ ಹುಟ್ಟಿಲ್ಲ.

ಈ ಮತದ ಹಿಂದೆ ದ್ವೀಪದ ಪಂಗುನಾದ ತಾಮ್ರದ ಗಣಿ ಇದೆ. 1972ರಲ್ಲಿ ಶುರುವಾದ ಗಣಿ ಬೆಟ್ಟವನ್ನು ಬಗೆದು, ಅದರ ಹೂಳನ್ನು ಜಾಬಾ ನದಿಗೆ ಸುರಿಯಿತು. ಲಾಭ ಹೊರಗೆ ಹೋಯಿತು, ವಿಷ ಊರಲ್ಲೇ ಉಳಿಯಿತು. ದ್ವೀಪದ ಬಹುಪಾಲು ಕಡೆ ಭೂಮಿಯ ಹಕ್ಕು ತಾಯಿಯಿಂದ ಮಗಳಿಗೆ ಇಳಿದು ಬರುತ್ತದೆ; ಹಾಗಾಗಿ ನೆಲ ಕಳೆದುಕೊಂಡವರಲ್ಲಿ ಹೆಂಗಸರೇ ಮೊದಲಿಗರು. 1989ರಲ್ಲಿ ಗಣಿ ಮುಚ್ಚಿತು, ದ್ವೀಪದ ಬಂಡುಕೋರರಿಗೂ ಪಪುವಾ ನ್ಯೂಗಿನಿ ಸರ್ಕಾರಕ್ಕೂ ಯುದ್ಧ ಹೊತ್ತಿಕೊಂಡಿತು. ಸರ್ಕಾರ ದ್ವೀಪಕ್ಕೆ ದಿಗ್ಬಂಧನ ಹಾಕಿದಾಗ ಔಷಧಿಯಿಲ್ಲದೆ ಮಕ್ಕಳು ಸತ್ತರು. ಡೀಸೆಲ್ ಸಿಗದ ಜನ ತೆಂಗಿನಕಾಯಿ ತುರಿದು, ಹಾಲು ಹಿಂಡಿ, ಕಾಯಿಸಿ ತೆಗೆದ ಎಣ್ಣೆಯಲ್ಲಿ ಜೀಪು ಓಡಿಸಿದರು. ಸುಮಾರು ಹತ್ತು ವರ್ಷದ ಆ ಯುದ್ಧದಲ್ಲಿ ಸತ್ತವರು 20,000ದವರೆಗೂ ಇರಬಹುದೆಂಬ ಅಂದಾಜಿದೆ. ಬಂದೂಕು ಹಿಡಿದ ಮಕ್ಕಳನ್ನು ಹುಡುಕಿಕೊಂಡು ಕಾಡಿಗೆ ಹೋಗಿ, ಸಾಕು ಮನೆಗೆ ಬನ್ನಿ ಎಂದು ಕರೆದವರೂ ತಾಯಂದಿರೇ.

2001ರ ಶಾಂತಿ ಒಪ್ಪಂದ ಜನಮತಗಣನೆಯ ಭರವಸೆ ಕೊಟ್ಟಿತು, ಕೊನೆಯ ಮಾತನ್ನು ಮಾತ್ರ ರಾಜಧಾನಿ ಪೋರ್ಟ್ ಮೊರೆಸ್ಬಿಯ ಸಂಸತ್ತಿಗೇ ಬಿಟ್ಟಿತು. ಅಂದು ಎರಡೂ ಕಡೆಯವರು ಆಯುಧ ಕೆಳಗಿಡಲು ಆ ಅಸ್ಪಷ್ಟತೆ ಬೇಕಿತ್ತು. ಇಂದು ಅದೇ ಕಾಲಿಗೆ ತೊಡರುತ್ತಿದೆ. ಸಂಸತ್ತಿನಲ್ಲಿ ಸರಳ ಬಹುಮತ ಸಾಕೇ, ಮೂರನೇ ಎರಡರಷ್ಟು ಬೇಕೇ ಎಂಬುದರಲ್ಲೇ ವರ್ಷಗಳು ಕಳೆದವು. ಬೂಗನ್‌ವಿಲ್ ಹೋದರೆ ಬೇರೆ ಪ್ರಾಂತಗಳೂ ಎದ್ದಾವು ಎಂಬ ರಾಜಧಾನಿಯ ಭಯ ಸುಳ್ಳಲ್ಲ. ಗಣಿಯನ್ನು ಮತ್ತೆ ತೆರೆಯದೆ ಹೊಸ ದೇಶ ಹೊಟ್ಟೆ ಹೊರೆಯುವುದು ಹೇಗೆ ಎಂಬ ಪ್ರಶ್ನೆ ಅದಕ್ಕಿಂತ ಕಠಿಣ. ಯಾವ ಗಾಯದಿಂದ ಯುದ್ಧ ಹುಟ್ಟಿತೋ ಅದನ್ನೇ ಮತ್ತೆ ಕೆದಕಬೇಕಾದೀತು.

ಇದನ್ನೆಲ್ಲ ಒಪ್ಪಿಯೂ ಹೇಳಬೇಕು: ತಡ ಮಾಡುವುದು ತಟಸ್ಥ ನಿಲುವಲ್ಲ. ಹಿಂದೆ ಬಂಡುಕೋರ ಪಡೆಯ ಕಮಾಂಡರ್ ಆಗಿದ್ದ ಇಶ್ಮಾಯೆಲ್ ತೊರೊಆಮಾ 2020ರಲ್ಲಿ ಮತದಿಂದಲೇ ಬೂಗನ್‌ವಿಲ್‌ನ ಅಧ್ಯಕ್ಷರಾದರು. ಬಂದೂಕು ಬಿಟ್ಟು ಮತಪೆಟ್ಟಿಗೆಯನ್ನು ನಂಬಿದವರಿಗೆ ಆ ನಂಬಿಕೆಯ ಬೆಲೆ ಸಿಗಬೇಡವೇ? 2027ರ ಸೆಪ್ಟೆಂಬರ್ 1 ಸ್ವಾತಂತ್ರ್ಯದ ದಿನವಾಗಬೇಕೆಂದು ಅಲ್ಲಿನ ನಾಯಕರು ಗೊತ್ತುಮಾಡಿದ್ದಾರೆ. ಪಪುವಾ ನ್ಯೂಗಿನಿಯ ಸಾರ್ವತ್ರಿಕ ಚುನಾವಣೆಯೂ ಅದೇ ವರ್ಷ. ಹೊಸ ಸಂಸತ್ತಿನ ತಲೆಗೆ ಕಟ್ಟದೆ, ಈಗಿನ ಸದಸ್ಯರೇ ಜನಮತಗಣನೆಯ ಫಲಿತಾಂಶವನ್ನು ಮತಕ್ಕೆ ಹಾಕಲಿ. ಬೇಡವೆನ್ನುವವರು ಎದ್ದು ನಿಂತು, ಕಾರಣ ಕೊಟ್ಟು ಬೇಡವೆನ್ನಲಿ.